ಗಾಜಿನ ದೀಪ ತಿಕ್ಕುವುದಿಲ್ಲ, ಕಾರಣ ಕೇಳಬಾರದು

ಪುಣೆ ಹತ್ತಿರದ ಭೋಸರಿಯ ಶಂಕ್ರೆಪ್ಪನಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಹಿಂದಿಯನ್ನಂತೂ ಎದುರಿಗಿದ್ದವರು ಗಾಬರಿಯಾಗುವಷ್ಟು ಧೈರ್ಯದಿಂದ ಆಡುತ್ತಿದ್ದ. ಮೂರೂ ಭಾಷೆಗಳಲ್ಲಿ ಅವನಿಗೆ ಬಾರದ ಮಾತು ಒಂದೇ: ‘ತಪ್ಪಾಯಿತು’. ಹಾಗೆಂದು ಅವನು ತಪ್ಪೇ ಮಾಡುತ್ತಿರಲಿಲ್ಲ ಅಂತಲ್ಲ. ದೇವರ ದಯೆಯಿಂದ ಅದಕ್ಕೇನೂ ಕೊರತೆ ಇರಲಿಲ್ಲ. ಆದರೆ ಅವನು ಮಾಡಿದ ತಪ್ಪಿಗೆ ಪ್ರತಿ ಸಲವೂ ಬೇರೆ ಯಾರಾದರೂ ಒಡೆಯರು ಸಿಗುತ್ತಿದ್ದರು. ಬಸ್ಸು ತಪ್ಪಿದರೆ ಗಡಿಯಾರದ ತಪ್ಪು. ಎಡವಿ ಬಿದ್ದರೆ ಮುನ್ಸಿಪಾಲಿಟಿಯ ತಪ್ಪು. ಮದುವೆಯಲ್ಲಿ ತಾಳಿ ಕಟ್ಟುವಾಗ ಗಂಟು ಸಡಿಲವಾಗಿ ಜಾರಿತ್ತಂತೆ, ಅದು ದಾರ ಮಾರಿದವನ ತಪ್ಪು ಎಂದು ಇವತ್ತಿಗೂ ಹೇಳುತ್ತಾನೆ.

ಸುರಪುರದ ಕಡೆಯ ಈ ಮಹಾನುಭಾವ ಪುಣೆಗೆ ಬಂದದ್ದು 1993ರಲ್ಲಿ, ಹೆಂಡತಿ ಹುಲಿಗೆವ್ವ ಮತ್ತು ಅವಳ ಅಣ್ಣ ರಾಮಲಿಂಗಪ್ಪನ ಜೊತೆ. ಊರಿನ ಉಳಿದವರೆಲ್ಲ ಸಿಮೆಂಟಿನ ಬುಟ್ಟಿ ಹೊತ್ತರೆ, ಈ ಗಂಡಸರಿಬ್ಬರು ಮೊಸಾಯಿಕ್ ನೆಲ ತಿಕ್ಕುವ ಕೆಲಸ ಹಿಡಿದರು. ಆಗ ಪುಣೆಯಲ್ಲಿ ಮನೆ ಕಟ್ಟಿಸಿದವರಿಗೆಲ್ಲ ನೆಲದಲ್ಲಿ ತಮ್ಮ ಮುಖ ಕಾಣಬೇಕಿತ್ತು. ಅಂಥ ನೋಡುವ ಮುಖಗಳೇನೂ ಆಗಿರಲಿಲ್ಲ, ಆದರೂ ಕಾಣಬೇಕಿತ್ತು. ರಾಮಲಿಂಗಪ್ಪ ಯಂತ್ರ ಹಿಡಿಯುತ್ತಿದ್ದ, ಶಂಕ್ರೆಪ್ಪ ನೀರು ಹೊಯ್ಯುತ್ತಿದ್ದ. ಮಾತೂ ಅವನದೇ. ಮೊದಲು ಒರಟು ಸಾಣೆಕಲ್ಲು, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಮೊದಲ ಸುತ್ತಿನಲ್ಲಿ ನೆಲವೆಲ್ಲ ಬೂದಿ ಬಳಿದಂತಾಗಿ ಮನೆಯೊಡತಿ ಅಯ್ಯೋ ಎಂದು ಬಾಯಿ ಬಡಿದುಕೊಳ್ಳುತ್ತಿದ್ದಳು. ಶಂಕ್ರೆಪ್ಪ ಆಗ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದ ಮಾತೊಂದಿತ್ತು. “ಬಾಯೀ, ಮೊದಲ ಕೆಡಬೇಕು, ಆಮ್ಯಾಲ ಹೊಳೀಬೇಕು. ಇದು ಕಸಬು.” ಎರಡು ದಿನಕ್ಕೆ ನೆಲ ನಿಜವಾಗಿಯೂ ಹೊಳೆಯುತ್ತಿತ್ತು. ತಿಕ್ಕಿದವನು ರಾಮಲಿಂಗಪ್ಪ, ಮನೆಯೊಡತಿಯ ಕೈಯಿಂದ ಚಹಾ ಕುಡಿದು ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದವನು ಶಂಕ್ರೆಪ್ಪ.

ಎರಡು ಸಾವಿರದ ಇಸವಿಯ ಹೊತ್ತಿಗೆ ಕಾರ್ಖಾನೆಯಲ್ಲೇ ಮುಖ ತೊಳೆದು ಪೌಡರ್ ಹಚ್ಚಿಕೊಂಡು ಬರುವ ಟೈಲ್ಸು ಬಂದವು. ಹಾಸಿದರೆ ಮುಗಿಯಿತು, ತಿಕ್ಕುವ ಮಾತೇ ಇಲ್ಲ. ಯಂತ್ರ ಗುಜರಿಗೆ ಹೋಯಿತು. ರಾಮಲಿಂಗಪ್ಪ ಜಾಣ. ಹೈವೇಯ ಮೇಲೆ ಇನ್ನೊಂದಿಷ್ಟು ಮುಂದಿರುವ ಚಾಕಣದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದ, ಡ್ರೈವಿಂಗ್ ಕಲಿತ, ದುಂಡು ಗಾಜಿನ ದೀಪಗಳ ಹಳೆಯ ಫಿಯಾಟ್ ಒಂದನ್ನು ಕೊಂಡು ಶಿರೂರಿನವರೆಗೆ ಬಾಡಿಗೆ ಹೊಡೆಯತೊಡಗಿದ. ಅವರ ಊರಿನವರ ಪೈಕಿ ಪುಣೆಯಲ್ಲಿ ಸ್ವಂತ ಗಾಡಿ ಕಂಡವನು ಅವನೊಬ್ಬನೇ, ಆ ದೀಪಗಳನ್ನು ತನ್ನ ಧೋತರದ ಚುಂಗಿನಿಂದ ಒರೆಸುತ್ತಿದ್ದ. ಶಂಕ್ರೆಪ್ಪನ ಪಾಲಿಗೆ ಉಳಿದದ್ದು ಯಂತ್ರದ ಎರಡು ಸಾಣೆಕಲ್ಲು ಮತ್ತು ಬಾಯಿ. ಎರಡನ್ನೂ ಹೊತ್ತುಕೊಂಡು ಅವನು ಭೋಸರಿಯಲ್ಲಿ ಏಕನಾಥ ಎಂಬ ಮರಾಠಿ ಗೆಳೆಯನ ಗ್ಯಾರೇಜಿನ ಮುಂದೆ ದಿನವಿಡೀ ಕೂರುತ್ತಿದ್ದ. ಯಾರಾದರೂ ಕೇಳಿದರೆ “ಧಂಧೆದ ವಿಚಾರ ನಡದದ” ಎನ್ನುತ್ತಿದ್ದ.

ವಿಚಾರ ತಾನಾಗಿಯೇ ನಡೆದುಬಂತು. ಒಂದು ದಿನ ಗ್ಯಾರೇಜಿಗೆ ಐದಾರು ವರ್ಷದ ಕಾರೊಂದು ಬಂತು. ಅದರ ಹೆಡ್‌ಲೈಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಹಳದಿಯಾಗಿ, ಮಂಜು ಕವಿದು, ಗಾಡಿಗೆ ಕಾಮಾಲೆ ಆದಂತೆ ಕಾಣುತ್ತಿತ್ತು. ಹೊಸದೇ ಹಾಕಿಸಬೇಕು ಎಂದು ಏಕನಾಥ ಹೇಳುತ್ತಿದ್ದ, ಗಿರಾಕಿ ಬೆಲೆ ಕೇಳಿ ತಾನೂ ಹಳದಿಯಾಗುತ್ತಿದ್ದ. ಶಂಕ್ರೆಪ್ಪ ಎದ್ದ. ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವವರು ಬಳಸುವ ಪಾಲಿಶ್ ಪೇಪರ್ ತೆಗೆದುಕೊಂಡು, ನೀರು ಚಿಮುಕಿಸಿ, ಮೊಸಾಯಿಕ್ಕಿಗೆ ತಿಕ್ಕಿದ ಹಾಗೇ ತಿಕ್ಕಿದ. ಒರಟು, ನಯ, ಇನ್ನೂ ನಯ. ಮೊದಲು ಮುಚ್ಚಳ ಹಾಲಿನ ಹಾಗೆ ಬೆಳ್ಳಗಾಯಿತು, ಗಿರಾಕಿ ಬೊಬ್ಬೆ ಹಾಕಿದ, ಶಂಕ್ರೆಪ್ಪ ಸೊಂಟದ ಮೇಲೆ ಕೈಯಿಟ್ಟ. ಕೊನೆಗೆ ಪಾಲಿಶ್ ಹಚ್ಚಿ ಅರಿವೆಯಿಂದ ಉಜ್ಜಿದಾಗ ಒಳಗಿನ ಬಲ್ಬು ಕಂಡಿತು. “ಆಯ್ಲಾ! ಶಂಕರ, ಜಾದೂ ಕೇಲೀಸ್ ಕೀ ರೇ!” ಎಂದು ಏಕನಾಥ ಬಾಯಿ ತೆರೆದ. ಜಾದೂ ಮಾಡಿದ್ದೇನೆಂದು ಶಂಕ್ರೆಪ್ಪನಿಗೆ ಅವನು ಹೇಳುವ ಮೊದಲೇ ಗೊತ್ತಿತ್ತು.

ಹೀಗೆ ಗ್ಯಾರೇಜಿನ ಗೋಡೆಗೆ ನೆರಳಿಗೆ ಒಂದು ತಾಡಪತ್ರಿ ಬಿಗಿದು, ಅದು ಹಾರದಂತೆ ತುದಿಗೆ ಎರಡು ಸಾಣೆಕಲ್ಲು ಹೇರಿ, ಕೂರಲು ಒಂದು ಕಟ್ಟಿಗೆಯ ಪೆಟ್ಟಿಗೆ ಇಟ್ಟು ಅಂಗಡಿ ಶುರುವಾಯಿತು. ಕಸುಬಿನ ಗುಟ್ಟು ಏನೆಂದರೆ ಮುಚ್ಚಳದ ಮೇಲೆ ಬಿಸಿಲು ತಡೆಯುವ ತೆಳ್ಳನೆಯ ಚರ್ಮವೊಂದು ಇರುತ್ತದೆ. ತಿಕ್ಕಿದಾಗ ಹಳದಿಯ ಜೊತೆಗೆ ಅದೂ ಹೋಗುತ್ತದೆ. ದಸರೆಗೆ ಹೊಳೆದದ್ದು ಯುಗಾದಿಗೆ ಮತ್ತೆ ಮಂಕಾಗಿ ಬರುತ್ತದೆ. ಇದನ್ನು ಶಂಕ್ರೆಪ್ಪ ಕಸುಬಿನ ದೋಷ ಎಂದು ತಿಳಿಯಲಿಲ್ಲ, ದೇವರು ಕೊಟ್ಟ ವರ ಎಂದು ತಿಳಿದ. ಹಿಂಜವಡಿಯ ಕಂಪನಿಯೊಂದರ ಬೆಂಗಳೂರಿನ ಹುಡುಗನೊಬ್ಬ ಒಮ್ಮೆ ಕೇಳಿದ್ದ: “ಗುರೂ, ಇದಕ್ಕೆ ಗ್ಯಾರಂಟಿ ಏನಾದ್ರೂ ಇದ್ಯಾ?”

“ಸೂರ್ಯ ಹುಟ್ಟೂದು ಒಂದು ಬಂದ್ ಮಾಡಸ್ರಿ ಸಾಹೇಬ್ರ, ಜನ್ಮಪೂರ್ತಿ ಗ್ಯಾರಂಟಿ ಕೊಡ್ತೀನಿ” ಎಂದ ಶಂಕ್ರೆಪ್ಪ. ತಪ್ಪು ಸೂರ್ಯನದಾಯಿತು. ಹುಡುಗ ನಕ್ಕು ಹೋದ, ಯುಗಾದಿಗೆ ಮತ್ತೆ ಬಂದ.

ಹುಲಿಗೆವ್ವನ ವಿಷಯಕ್ಕೆ ಬರೋಣ. ಅವಳ ತಂದೆ ತಾಯಿ ತೀರಿಹೋಗಿದ್ದರು, ಊರಿನ ಮನೆ ಬಿದ್ದಿತ್ತು, ತವರು ಅಂತ ಉಳಿದದ್ದು ಚಾಕಣದಲ್ಲಿ ಅಣ್ಣನ ಒಂದು ಖೋಲಿ. ಅಣ್ಣನ ಹೆಂಡತಿ ಮಕ್ಕಳು ಊರಲ್ಲೇ ಇದ್ದುದರಿಂದ ಆ ಖೋಲಿಯಲ್ಲಿ ಒಲೆ ಹೊತ್ತುವುದೇ ಅಪರೂಪ. ಆದರೂ ಪ್ರತಿ ವರ್ಷ ನಾಗರಪಂಚಮಿಗೆ ರಾಮಲಿಂಗಪ್ಪ ಫಿಯಾಟ್ ತಂದು ಬಾಗಿಲ ಮುಂದೆ ನಿಲ್ಲಿಸಿ, “ತಂಗೀ, ತವರಿಗಿ ನಡಿ” ಎಂದು ಹಾರ್ನ್ ಬಾರಿಸುತ್ತಿದ್ದ. ಅವಳು ಹೊಸ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತು ಸಾಲುಮನೆಯ ಚಾಳಿನವರಿಗೆಲ್ಲ ಕೈಬೀಸಿ ಹೋಗುತ್ತಿದ್ದಳು. ಹೋಗಿ ಮಾಡುತ್ತಿದ್ದದ್ದೇನು? ಅಣ್ಣನ ಭಾಂಡೆ ತಿಕ್ಕುವುದು, ಖೋಲಿ ಸಾರಿಸುವುದು, ತಾನೇ ಉಂಡಿ ಕಟ್ಟಿ ಅಣ್ಣನಿಗೆ ಬಡಿಸುವುದು. ಮರುದಿನ ಸೊಂಟ ಹಿಡಿದುಕೊಂಡು ಮರಳಿದರೆ ಮುಖ ಮಾತ್ರ ತೊಳೆದಿಟ್ಟ ಹಿತ್ತಾಳೆ ತಂಬಿಗೆ. ತವರಿನ ಸುಖ ಅಂದರೆ ಏನೆಂದು ಗಂಡಸರಿಗೆ ಹೇಳಿ ತಿಳಿಯುವುದಲ್ಲ ಬಿಡಿ.

2006ರ ದಸರೆಯ ಹಿಂದಿನ ದಿನ ರಾಮಲಿಂಗಪ್ಪ ಫಿಯಾಟ್ ತಂದು ತಾಡಪತ್ರಿಯ ಮುಂದೆ ನಿಲ್ಲಿಸಿದ. ಮರುದಿನ ಗಾಡಿಯ ಪೂಜೆ, ಅದಕ್ಕೆ ಚೆಂಡುಹೂವು ತರಲು ಹೊರಟಿದ್ದ. ಹೋಗುವ ಮುಂಚೆ ತಂಗಿಯ ಗಂಡನ ಸ್ವಭಾವ ಬಲ್ಲವನಾಗಿ ಬೆರಳು ತೋರಿಸಿ ಹೇಳಿದ: “ಶಂಕ್ರೆಪ್ಪ, ಬರೇ ನೀರು ಹಾಕಿ ತೊಳಿ. ಬ್ಯಾರೆ ಏನೂ ಮುಟ್ಟಬ್ಯಾಡ.”

ಮುಟ್ಟಬೇಡ ಅಂದಮೇಲೆ ಮುಟ್ಟದೇ ಇರಲು ಶಂಕ್ರೆಪ್ಪ ಏನು ಕಲ್ಲೇ? ಗಾಡಿ ತೊಳೆದ. ತೊಳೆದ ಮೇಲೆ ದುಂಡು ದೀಪಗಳ ಗಾಜಿನ ಮೇಲೆ ಹಳೆಯ ಗೀರುಗಳು ಕಂಡವು. ಹಬ್ಬದ ದಿನ ಭಾವನ ಗಾಡಿಗೆ ಗೀರಿದ ದೀಪವೇ? ತಿಕ್ಕಿ ಥಳಥಳ ಮಾಡಿಟ್ಟರೆ ಹೂ ಹಿಡಿದು ಬಂದ ಭಾವ ಬೆರಗಾಗಿ ನಿಲ್ಲುತ್ತಾನೆ ಎಂದು ಅವನಿಗೆ ಅನ್ನಿಸಿತು. ಪ್ರೀತಿಯೂ ಇತ್ತು ಅದರಲ್ಲಿ, ಸುಳ್ಳು ಹೇಳಬಾರದು. ಒಂದು ಪಾಲು ಪ್ರೀತಿ, ಮೂರು ಪಾಲು ಜಂಭ.

ಅದು ಪ್ಲಾಸ್ಟಿಕ್ ಅಲ್ಲ, ಗಾಜು ಎಂದು ಅವನಿಗೆ ಗೊತ್ತಿತ್ತು. ಕಲ್ಲನ್ನೇ ಕನ್ನಡಿ ಮಾಡಿದ ಕೈಗೆ ಗಾಜು ಯಾವ ಲೆಕ್ಕ? ಒರಟು ಪೇಪರ್ ಹಚ್ಚಿ ತಿಕ್ಕಿದ. ಗಾಜು ಹಾಲಿನ ಹಾಗೆ ಬೆಳ್ಳಗಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎದೆ ಧಸಕ್ಕೆಂದು ಕೈ ಬಿಡುತ್ತಿದ್ದರು. ಶಂಕ್ರೆಪ್ಪನಿಗೆ ಸಂತೋಷವಾಯಿತು. ಮೊದಲು ಕೆಡಬೇಕು, ಆಮೇಲೆ ಹೊಳೆಯಬೇಕು. ಆ ಸಂತೋಷದಲ್ಲಿ ಒಂದು ದೀಪ ಮುಗಿಸಿ ನೋಡೋಣ ಎಂಬ ಬುದ್ಧಿಯೂ ಬರಲಿಲ್ಲ, ಎರಡನೆಯದನ್ನೂ ತಿಕ್ಕಿ ಬೆಳ್ಳಗೆ ಮಾಡಿದ. ಆಮೇಲೆ ನಯದ ಪೇಪರ್. ಆಮೇಲೆ ಇನ್ನೂ ನಯದ್ದು. ಆಮೇಲೆ ಪಾಲಿಶ್. ಆಮೇಲೆ ಉಗುಳು. ಆಮೇಲೆ ಹುಲಿಗೆಮ್ಮ ದೇವಿಗೆ ಹರಕೆ. ಗಾಜು ಜಪ್ಪಯ್ಯ ಅಂದರೂ ಹೊಳೆಯಲಿಲ್ಲ. ಹಳೆಯ ಚಾಳುಗಳ ಸಂಡಾಸಿನ ಕಿಟಕಿಗೆ ಹೊರಗಿನವರಿಗೆ ಕಾಣಬಾರದೆಂದು ಹಾಕಿಸುತ್ತಾರಲ್ಲ, ಥೇಟ್ ಆ ಗಾಜಾಗಿ ಕೂತಿತು.

ಹೂವಿನ ಮಾಲೆ ಹೆಗಲಿಗೆ ಹಾಕಿಕೊಂಡು ಬಂದ ರಾಮಲಿಂಗಪ್ಪ ಗಾಡಿಯ ಮುಂದೆ ನಿಂತ. ಬೆರಳಿನಿಂದ ಒಂದು ದೀಪವನ್ನು ಸವರಿದ, ಇನ್ನೊಂದನ್ನು ಸವರಿದ.

“ಏನ್ ಮಾಡ್ದಿ ಇದು?”

“ಗಾಜ ಡುಪ್ಲಿಕೇಟ್ ಅದ ಭಾವಾ” ಎಂದ ಶಂಕ್ರೆಪ್ಪ. “ನಿನಗ ಮಾರಿದಾವ ಮೋಸ ಮಾಡ್ಯಾನ. ಒರಿಜಿನಲ್ ಇದ್ರ ಹೊಳೀತಿತ್ತು.”

“ಮುಟ್ಟಬ್ಯಾಡ ಅಂದಿದ್ದೆ.”

“ಅಂದಿದ್ದಿ. ಖರೇ. ಆದ್ರ ಗಾಜ ಮೊದಲೇ—”

“ಗಾಜಿನ ಮಾತು ಬಿಡು. ತಪ್ಪಾತು ಅನ್ನು. ಅಷ್ಟ ಅನ್ನು, ನಾ ಬಿಡ್ತೀನಿ.”

ಏಳು ವರ್ಷ ಒಂದೇ ನೆಲ ತಿಕ್ಕಿ, ಒಂದೇ ಬುತ್ತಿ ಉಂಡ ಮನುಷ್ಯ ಎದುರಿಗೆ ನಿಂತಿದ್ದ. ಶಂಕ್ರೆಪ್ಪ ಆಕಾಶ ನೋಡಿದ, ಗಾಡಿ ನೋಡಿದ, ಕೊನೆಗೆ ಹೇಳಿದ: “ಗಾಜ ಮಾರಿದಾವನ ಕಡಿಂದ ಅನ್ನಸು.”

ಆ ವರ್ಷ ದಸರೆಗೆ ಬನ್ನಿ ಕೊಡಲು ರಾಮಲಿಂಗಪ್ಪ ಬರಲಿಲ್ಲ. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎಂದು ವೈರಿಗಳೂ ಕೈಹಿಡಿಯುವ ದಿನ ಅದು. ಆ ದಿನವೂ ಬಾರದವನು ಉಳಿದ ದಿನ ಯಾಕೆ ಬಂದಾನು?

ಈಗ ರಾಮಲಿಂಗಪ್ಪನ ಜಾಣತನವನ್ನೂ ಸ್ವಲ್ಪ ನೋಡಿ. ಆ ಗಾಜು ಬದಲಿಸುವುದು ದೊಡ್ಡ ಮಾತಲ್ಲ. ಪುಣ್ಯಾತ್ಮ ಬದಲಿಸಲಿಲ್ಲ. ಬದಲಿಸಿದರೆ ಜನರಿಗೆ ತೋರಿಸುವುದೇನನ್ನು? ಶಿರೂರಿನ ಚಹಾದಂಗಡಿ, ಚಾಕಣದ ಸ್ಟ್ಯಾಂಡು, ಪೆಟ್ರೋಲ್ ಪಂಪಿನ ಸಾಲು, ಎಲ್ಲೆಲ್ಲಿ ಗಾಡಿ ನಿಂತಿತೋ ಅಲ್ಲೆಲ್ಲ “ನೋಡ್ರಿ, ನಮ್ಮ ತಂಗಿ ಗಂಡನ ಕೈಗುಣ” ಎಂದು ದೀಪ ತೋರಿಸುತ್ತಿದ್ದ. ಆ ದೀಪದ ಬೆಳಕಿಗೆ ರಸ್ತೆ ಕಾಣದೆ ರಾತ್ರಿಯ ಬಾಡಿಗೆ ಎಲ್ಲ ಬಿಟ್ಟ. ಹೊತ್ತು ಮುಳುಗುವ ಮೊದಲು ಕೋಳಿ ಗೂಡು ಸೇರಿದ ಹಾಗೆ ಖೋಲಿ ಸೇರುತ್ತಿದ್ದ. ತನ್ನ ಹೊಟ್ಟೆಗೆ ಹೊಡೆದುಕೊಂಡಾದರೂ ಸರಿ, ಸಾಕ್ಷಿ ಕೆಡಬಾರದು.

ಪಂಚಮಿ ಬಂತು. ಹುಲಿಗೆವ್ವ ಬೆಳಿಗ್ಗೆಯೇ ಎರೆದುಕೊಂಡು, ಹೊಸ ಸೀರೆ ಉಟ್ಟು ಬಾಗಿಲಲ್ಲಿ ಕೂತಳು. ಚಾಕಣಕ್ಕೆ ಬಸ್ಸಿದೆ, ಹತ್ತಿ ಹೋಗಬಹುದಿತ್ತು. ಆದರೆ ಅಣ್ಣ ಕರೆಯದೆ ತವರಿಗೆ ಹೋದವಳನ್ನು ಮಗಳು ಅನ್ನುವುದಿಲ್ಲ, ನೆಂಟಳು ಅನ್ನುತ್ತಾರೆ. ಓಣಿಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಎದ್ದು ನಿಂತಳು. ಸಂಜೆ ಸೀರೆ ಬದಲಿಸಿ, ಮಡಚಿ, ಟ್ರಂಕಿನೊಳಗಿಟ್ಟಳು. ಶಂಕ್ರೆಪ್ಪ ಗೋಡೆಗೊರಗಿ ಇದನ್ನೆಲ್ಲ ನೋಡುತ್ತಿದ್ದ. ಬೈದಿದ್ದರೆ ಹಗುರಾಗುತ್ತಿತ್ತೇನೋ, ಅವಳು ಬೈಯಲಿಲ್ಲ. ದೀಪ ಹಚ್ಚಿ, ಅವನ ಕಡೆ ತಿರುಗದೆ ಇಷ್ಟೇ ಅಂದಳು:

“ಕಲ್ಲು ತಿಕ್ಕಿ ಹೊಳಸ್ದಿ. ಪಿಲಾಸ್ಟಿಕ್ ತಿಕ್ಕಿ ಹೊಳಸ್ದಿ. ಒಂದು ಮಾತಿಗಿ ನಾಲಿಗಿ ಹೊಳ್ಳಸಾಕ ಆಗಲಿಲ್ಲ ನಿನಗ.”

ಮರುದಿನವೇ ಶಂಕ್ರೆಪ್ಪ ಜುನಾ ಬಾಜಾರಿಗೆ ಹೋಗಿ, ಗುಜರಿಯ ರಾಶಿಗಳಲ್ಲಿ ಅರ್ಧ ದಿನ ಕೆದಕಿ, ಫಿಯಾಟಿನ ದುಂಡು ದೀಪದ ಗಾಜು ಒಂದು ಜೋಡಿ ಹುಡುಕಿ ತಂದ. ಏಕನಾಥನ ಕೈಯಲ್ಲಿ ಕೊಟ್ಟು ಚಾಕಣಕ್ಕೆ ಕಳಿಸಿದ. ಜೋಡಿ ಹೋದ ಹಾಗೇ ಮರಳಿ ಬಂತು. “ಗಾಜು ಬೇಡ, ಮಾತು ಕಳಿಸು ಎಂದು ಹೇಳಿದ” ಎಂದ ಏಕನಾಥ. ಶಂಕ್ರೆಪ್ಪ ಗಾಜುಗಳನ್ನು ಅರಿವೆಯಲ್ಲಿ ಸುತ್ತಿ, ತಾನು ಕೂರುವ ಪೆಟ್ಟಿಗೆಯೊಳಗೆ ಇಟ್ಟ. ದಿನಾ ಅದರ ಮೇಲೆ ಕೂತು ಊರಿನ ದೀಪಗಳನ್ನು ತಿಕ್ಕುತ್ತಿದ್ದ.

ದಾರಿ ತೋರಿಸಿದವನು ಮತ್ತೆ ಏಕನಾಥನೇ. ಪುಣೆಯ ಜನಕ್ಕೆ ಬಾಯಲ್ಲಿ ಆಡಲಾಗದ್ದನ್ನು ಬೋರ್ಡಿನ ಮೇಲೆ ಬರೆಸಿ ತೂಗುಹಾಕುವ ಅಭ್ಯಾಸ. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ, ಬೆಲ್ ಒಮ್ಮೆ ಮಾತ್ರ ಒತ್ತಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸತ್ತರೂ ಕರೆಯಬೇಡಿ. ಊರಿನ ಅರ್ಧ ಜಗಳ ಹೀಗೆ ಗೋಡೆಗಳ ಮೇಲೆಯೇ ನಡೆದುಹೋಗುತ್ತದೆ. ನೀನೂ ಒಂದು ಬರೆಸು ಎಂದ ಏಕನಾಥ. ಶಂಕ್ರೆಪ್ಪ ಎರಡು ರಾತ್ರಿ ಯೋಚಿಸಿ, ಪೇಂಟರನನ್ನು ಹಿಡಿದು, ಮರಾಠಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದ: ‘ಇಲ್ಲಿ ಗಾಜಿನ ದೀಪ ತಿಕ್ಕುವುದಿಲ್ಲ. ಕಾರಣ ಕೇಳಬಾರದು.’ ಬರೆಸಿ ತೂಗುಹಾಕಿದ ಮೇಲೆ ಕಾಶಿಗೆ ಹೋಗಿ ಬಂದಷ್ಟು ಹಗುರಾಯಿತು ಅವನಿಗೆ. ಇದಕ್ಕಿಂತ ದೊಡ್ಡ ಕ್ಷಮೆ ಭೂಮಿಯ ಮೇಲೆ ಯಾರಾದರೂ ಕೇಳಿದ್ದುಂಟೇ ಎಂದು ಹೆಂಡತಿಯನ್ನೂ ಕೇಳಿದ. ಅವಳು ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು.

ಸುದ್ದಿ ಚಾಕಣ ಮುಟ್ಟದೆ ಇರುತ್ತದೆಯೇ? 2007ರ ದಸರೆಯ ದಿನ ಇಳಿಹೊತ್ತಿಗೆ ಶಂಕ್ರೆಪ್ಪ ತನ್ನ ಎರಡು ಸಾಣೆಕಲ್ಲುಗಳಿಗೆ ಕುಂಕುಮ ಹಚ್ಚಿ, ಹೂವೇರಿಸಿ, ಕಾಯಿ ಒಡೆದಿದ್ದ. ಏಕನಾಥ ಪೂಜೆ ಮುಗಿಸಿ ಗ್ಯಾರೇಜಿಗೆ ಬೀಗ ಹಾಕಿ ಹೋಗಿದ್ದ. ಆಗ ಚೆಂಡುಹೂವಿನ ಮಾಲೆ ತೊಟ್ಟ ಫಿಯಾಟ್, ಎರಡು ಬಿಳಿಗಣ್ಣು ಬಿಟ್ಟುಕೊಂಡು ಬಂದು ನಿಂತಿತು. ರಾಮಲಿಂಗಪ್ಪ ಇಳಿದವನೇ ಬೋರ್ಡಿನ ಕೆಳಗೆ ಹೋಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದ.

“ಏನಪಾ, ಕಾರಣ ಕೇಳಬಾರದಂತ? ಯಾಕ ಕೇಳಬಾರದು? ಕಾರಣ ಇಲ್ಲೇ ನಿಂತದ ನೋಡು, ಎರಡು ಕಣ್ಣು ಕಳಕೊಂಡು!”

“ಬೋರ್ಡ್ ಹಾಕೀನಲ್ಲ. ಮತ್ತೇನು ಬೇಕು ನಿನಗ?”

“ಹೆಸರು ಹಾಕಸು. ರಾಮಲಿಂಗಪ್ಪನ ಗಾಡಿ ನಾನೇ ಹಾಳ ಮಾಡೀನಿ ಅಂತ ಬರಸು.”

“ಅಷ್ಟು ಜಾಗ ಇಲ್ಲ ಬೋರ್ಡಿನ್ಯಾಗ.”

“ದೊಡ್ಡ ಬೋರ್ಡ್ ಮಾಡಸು!”

ಹೀಗೆ ಇಬ್ಬರು ಬುದ್ಧಿವಂತರು ಬೋರ್ಡಿನ ಉದ್ದ ಅಗಲದ ಮೇಲೆ ಹೊತ್ತು ಮುಳುಗುವ ತನಕ ಜಗಳಾಡಿದರು. ಗದ್ದಲ ಕೇಳಿ ಹುಲಿಗೆವ್ವ ಓಣಿಯಿಂದ ಬಂದಳು. ಸೆರಗಿನಲ್ಲಿ ಬನ್ನಿ ಎಲೆ, ಕೈಯಲ್ಲಿ ಇನ್ನೂ ಹೂರಣದ ಜಿಗುಟು. ಅಣ್ಣನ ಕಾಲಿಗೆರಗಿ ಬನ್ನಿ ಕೊಟ್ಟಳು. ಅವನು ತೆಗೆದುಕೊಂಡ, ಅವಳ ತಲೆ ಮುಟ್ಟಿದ.

“ನಿನ್ನ ಕೈಯಾಂದು ತಗೊಂಡೆ ತಂಗೀ. ಆದ್ರ ನಿಮ್ಮ ಮನಿಗಿ ಬರಂಗಿಲ್ಲ. ಕತ್ತಲಾಗೂದ್ರಾಗ ಚಾಕಣ ಮುಟ್ಟಬೇಕು. ಈ ದೀಪದಾಗ ಏನೂ ಕಾಣಂಗಿಲ್ಲ, ಗೊತ್ತದಲ್ಲ ನಿನಗ.”

“ಭಾಳ ಚೊಲೋ ಗೊತ್ತದ” ಎಂದಳು ಹುಲಿಗೆವ್ವ. ಗಂಡನನ್ನು ನೋಡಿದಳು, ಅವನು ಬೋರ್ಡು ನೋಡುತ್ತಿದ್ದ. ಅಣ್ಣನನ್ನು ನೋಡಿದಳು, ಅವನು ದೀಪ ನೋಡುತ್ತಿದ್ದ. ಅವಳು ಬಾಗಿ, ಈಗಷ್ಟೇ ಪೂಜೆಯಾದ ಸಾಣೆಕಲ್ಲೊಂದನ್ನು ಹೂವಿನ ಸಮೇತ ಎತ್ತಿಕೊಂಡಳು. ಗಾಡಿಯ ಮುಂದೆ ಹೋದಳು. ಫಳ್. ಎರಡು ಹೆಜ್ಜೆ ಈ ಕಡೆ ಬಂದಳು. ಫಳ್. ಗಾಜಿನ ಜೊತೆ ಒಳಗಿನ ಬಲ್ಬುಗಳೂ ಪುಡಿಪುಡಿಯಾಗಿ ಉದುರಿದವು.

“ಮುಗೀತು ಸಾಕ್ಷಿ” ಎಂದಳು. “ಇನ್ನ ಶಿರೂರಾಗ ಏನ್ ತೋರಸ್ತಿ, ತೋರಸು.”

ಹುಲಿಗೆವ್ವ ಕಲ್ಲು ಕೆಳಗಿಟ್ಟು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಒಂದು ವರ್ಷದಿಂದ ತಡೆದಿಟ್ಟದ್ದೆಲ್ಲ ಕಣ್ಣಲ್ಲಿ ಬಂತು. “ಪಂಚಮಿಗಿ ಸೀರಿ ಉಟ್ಟು ಬಾಗಲದಾಗ ಕುಂತಿದ್ದೆ ಅಣ್ಣಾ. ಸಂಜೀತನಾ ಕುಂತಿದ್ದೆ. ನಿಮ್ಮಿಬ್ಬರಿಗಿ ಗಾಜೇ ದೊಡ್ಡದಾತು. ನಾ ಯಾರಿಗಿ ಬೇಕಾಗೀನಿ?”

ಬೀದಿಯ ಆಚೆ ಯಾರೋ ಪಟಾಕಿ ಹಚ್ಚಿದರು. ರಾಮಲಿಂಗಪ್ಪ ಮಾಲೆಯ ಹೂವೊಂದನ್ನು ಕಿತ್ತು ಚಿವುಟುತ್ತಾ ನಿಂತ. ಹಬ್ಬದ ದಿನ ಪೂಜೆಯಾದ ಗಾಡಿಯನ್ನು ಬೀದಿಯಲ್ಲಿ ಬಿಟ್ಟು ಬಸ್ಸು ಹತ್ತುವಂತಿಲ್ಲ, ಕುರುಡು ಗಾಡಿಯನ್ನು ಕತ್ತಲಲ್ಲಿ ಹೈವೇಗೆ ಒಯ್ಯುವಂತೆಯೂ ಇಲ್ಲ. ಅವನಿಗೆ ಆಗ ನೆನಪಾಯಿತು. ಒಂದು ವರ್ಷದಲ್ಲಿ ಮೊದಲ ಸಲ ಶಂಕ್ರೆಪ್ಪನ ಕಡೆ ನೇರವಾಗಿ ನೋಡಿ ಕೇಳಿದ: “ಏಕನಾಥನ ಕೈಯಾಗ ಗಾಜ ಕಳಿಸಿದ್ಯಲ್ಲ. ಎಲ್ಲಿ ಅದಾವ? ಗಾಡಿಯಾಗ ಬ್ಯಾರೆ ಬಲ್ಬ್ ಅವ. ಹಾಕಿ ಕೊಡು, ಹೋಗ್ತೀನಿ.”

ಹುಲಿಗೆವ್ವ ತಲೆಯೆತ್ತಿದಳು. ಗಾಜು ಎಲ್ಲಿವೆ ಎಂದು ಅವಳಿಗೆ ಗೊತ್ತಿತ್ತು. ಈಗ ಗಂಡ ಪೆಟ್ಟಿಗೆ ತೆರೆದು ಗಾಜು ತೆಗೆಯುತ್ತಾನೆ, ನೋಡು ನನ್ನ ದೊಡ್ಡತನ ಎಂದು ಜೋಡಿಸಿ ಕೊಡುತ್ತಾನೆ, ಅಣ್ಣ ಹೋಗುತ್ತಾನೆ. ಒಲೆಯ ಪಕ್ಕದ ಬುಟ್ಟಿಯಲ್ಲಿ ಹೋಳಿಗೆ ಹಾಗೇ ಇರುತ್ತವೆ.

ನಿಂತಿದ್ದ ಶಂಕ್ರೆಪ್ಪ ಮೆಲ್ಲಗೆ ಪೆಟ್ಟಿಗೆಯ ಮೇಲೆ ಕೂತ.

“ಏಕನಾಥನ ಗ್ಯಾರೇಜಿನ್ಯಾಗ ಉಳದಾವ” ಎಂದ. “ಕೀಲಿ ಹಾಕ್ಕೊಂಡು ಹೋಗ್ಯಾನ. ನಾಳೆ ಮುಂಜಾನಿ ಬರ್ತಾನ.” ಬೋರ್ಡು ಬಿಟ್ಟು ಈ ಸಲ ಭಾವನ ಮುಖ ನೋಡಿದ. “ಇವತ್ತೇ ತಂದು ಇಟ್ಟಕೋಬೇಕಿತ್ತು ನಾ. ತಪ್ಪಾತು, ಭಾವಾ.”

ರಾಮಲಿಂಗಪ್ಪನ ಕೈಯಿಂದ ಹೂವು ಬಿತ್ತು. “ಏನಂದಿ?”

“ತಪ್ಪಾತು ಅಂದೆ. ನಂದೇ ತಪ್ಪು.”

ರಾಮಲಿಂಗಪ್ಪ ಬೋರ್ಡಿನ ಕಡೆ ನೋಡಿದ, ಒಡೆದ ದೀಪಗಳ ಕಡೆ ನೋಡಿದ, ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ. ಆಮೇಲೆ ಕಿಸೆಯಿಂದ ನಾಲ್ಕು ಬನ್ನಿ ಎಲೆ ತೆಗೆದು ಶಂಕ್ರೆಪ್ಪನ ಕೈಯೊಳಗೆ ಒತ್ತಿದ. “ಆತು ಬಿಡು. ಬಂಗಾರದಂಗ ಇರೂಣು” ಎಂದ. ತಂಗಿಯ ರಟ್ಟೆ ಹಿಡಿದು ಎಬ್ಬಿಸಿದ. “ಹೋಳಿಗಿ ಮಾಡೀಯೇನ?”

ಹುಲಿಗೆವ್ವ ಹೌದೆಂದು ತಲೆಯಾಡಿಸಿದಳು. ಅವಳ ಕಣ್ಣು ಗಂಡನ ಮೇಲಿತ್ತು, ಅವನು ಕೂತಿದ್ದ ಪೆಟ್ಟಿಗೆಯ ಮೇಲಿತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬಾ ಶಂಕ್ರೆಪ್ಪ, ಏಳು” ಎಂದ ರಾಮಲಿಂಗಪ್ಪ.

“ನೀವು ಮುಂದ ನಡೀರಿ. ನಾ ತಾಡಪತ್ರಿ ಮಡಚಿ ಬರ್ತೀನಿ” ಎಂದ ಶಂಕ್ರೆಪ್ಪ. ಅಣ್ಣ ತಂಗಿ ಓಣಿಯ ತಿರುವು ದಾಟುವವರೆಗೆ ಅವನು ಪೆಟ್ಟಿಗೆ ಬಿಟ್ಟು ಏಳಲಿಲ್ಲ.